ಯಂತ್ರ ಮುಟ್ಟದ ಕೌದಿ

"ಈ ಕೌದಿಯ ಒಂದೇ ಒಂದು ಹೊಲಿಗೆಯನ್ನೂ ಯಂತ್ರ ಮುಟ್ಟಕೂಡದು. ಮುಟ್ಟಲೇಬೇಕು ಅಂದ್ರೆ ನನ್ನ ಹೆಣದ ಮೇಲೆ ಹಾದು ಹೋಗಲಿ!"

ಹೀಗೆಂದು ನಾನು ಗುಡುಗಿದ್ದು ಯಾವ ಮೈದಾನದಲ್ಲೂ ಅಲ್ಲ, ನಮ್ಮ ನಡುಮನೆಯಲ್ಲಿ. ಮೈಕ್ ಇರಲಿಲ್ಲ. ಸಭಿಕ ಒಬ್ಬನೇ, ನನ್ನ ಗಂಡ. ಅವನೂ ಚಪ್ಪಾಳೆ ತಟ್ಟಲಿಲ್ಲ. ಚಹಾದಲ್ಲಿ ಬಿಸ್ಕತ್ತು ಅದ್ದುತ್ತಿದ್ದ.

"ಹೆಣಕ್ಕೆ ಯಾಕೆ ಸುಮ್ನೆ ತೊಂದರೆ? ಪಕ್ಕದಲ್ಲಿ ಬೇಕಾದಷ್ಟು ಜಾಗ ಇದೆ, ಸುತ್ತಿ ಹೋಗ್ತೀನಿ," ಅಂದ.

ಇಂಥವನ ಜೊತೆ ಸಂಸಾರ ಹೇಗಮ್ಮ ಮಾಡ್ತೀಯ ಎಂದು ನೀವು ಕೇಳಬಹುದು. ಇದು ಸಂಸಾರ ಅಲ್ಲ, ಮುರಿದು ಬೀಳದ ಸಂಧಾನ ಸಭೆ! ನಾನು ಹಾಸಿಗೆ ಕಾರ್ಖಾನೆಯಲ್ಲಿ ಕೈಹೊಲಿಗೆಯವಳಾಗಿದ್ದೆ. ಒಂದು ದಿನ ಆಡಳಿತದವರು, ಇನ್ನು ನಿಮ್ಮ ಕೈ ಸಾಕು, ಯಂತ್ರ ತರಿಸುತ್ತೇವೆ ಎಂದರು. ಹೆಂಗಸರೆಲ್ಲ ಸೇರಿ ಗೇಟಿನ ಮುಂದೆ ಡೇರೆ ಹಾಕಿದೆವು. ಕೆಂಪು ಬಟ್ಟೆಯ ಮೇಲೆ ಬಿಳಿ ಬಣ್ಣದಲ್ಲಿ 'ನಮಗೆ ಯಂತ್ರ ಬೇಡ' ಎಂದು ದಪ್ಪಗೆ ಬ್ಯಾನರ್ ಬರೆದೆವು. ಲಾರಿ ಬಂತು. ಲಾರಿಗೆ ಅಡ್ಡ ಮಲಗಿದವಳು ನಾನು. ಲಾರಿಯ ಮೇಲೆ ಯಂತ್ರದ ಪೆಟ್ಟಿಗೆಯನ್ನು ಸ್ವಂತ ಕೂಸಿನಂತೆ ತಬ್ಬಿಕೊಂಡು ಕೂತಿದ್ದ ಫಿಟ್ಟರ್ ಇವನು! "ಸ್ವಲ್ಪ ಸರೀರಮ್ಮ," ಎಂದ. "ಸರಿಯೋದಿಲ್ಲ, ಏನ್ ಮಾಡ್ಕೋತೀಯ?" ಎಂದೆ. ಅಂದು ಹತ್ತಿದ ಜಗಳ ಇಂದಿಗೂ ಮುಗಿದಿಲ್ಲ. ನಡುವೆ ಬಿಡುವಾದಾಗ ಮದುವೆಯಾದೆವು.

ಮದುವೆಯ ಕರಾರು ಕೂಡ ನಾನೇ ಮಂಡಿಸಿದ್ದು: ಇಬ್ಬರೂ 'ನೀವು' ಅನ್ನಬೇಕು, ಇಲ್ಲಾ ಇಬ್ಬರೂ 'ನೀನು' ಅನ್ನಬೇಕು. ಅವನು 'ನೀನು' ಆರಿಸಿದ, ಬೈಯಲು ಅನುಕೂಲ ಅಂತ. ನಾನು ಅವನನ್ನು 'ಮೇಸ್ತ್ರಿ' ಎಂದು ಕರೆಯುತ್ತೇನೆ, ಅವನು ನನ್ನನ್ನು 'ಲೀಡರಮ್ಮ' ಅನ್ನುತ್ತಾನೆ. ಗೌರವದಿಂದ ಅಲ್ಲ, ಕುಟುಕಲಿಕ್ಕೆ. ಲಾರಿಯ ಮಾತು ಬಂದಾಗಲೆಲ್ಲ, "ನೀನು ಮುಂದಿನ ಗೇಟಿನಲ್ಲಿ ಮಲಗಿದ್ದೆ, ಯಂತ್ರ ಹಿಂದಿನ ಗೇಟಿನಿಂದ ಒಳಗೆ ಹೋಯ್ತು," ಎಂದು ನೆನಪಿಸದೆ ಬಿಡುವುದಿಲ್ಲ. ನಿಜವೇ. ಆದರೆ ನಿಜವನ್ನೆಲ್ಲ ಹೇಳಬೇಕು ಅಂತ ಕಾನೂನಿದೆಯೇ?

ಮುಂದಿನ ಮುಷ್ಕರದ ಹೊತ್ತಿಗೆ ಕಂಕುಳಲ್ಲಿ ಮಗಳಿದ್ದಳು. ಡೇರೆಯಲ್ಲಿ ಕೂತು ಘೋಷಣೆಗೂ ಘೋಷಣೆಗೂ ನಡುವೆ ಅವಳಿಗೊಂದು ಕೌದಿ ಹೊಲಿದೆ. ಹಳೇ ಬಟ್ಟೆಯ ತುಂಡುಗಳನ್ನು ಜೋಡಿಸಿ, ಒಳಗೆ ಒಂದು ಪದರ, ಕೆಳಗೆ ಒಂದು ಪದರ ಇಟ್ಟು, ಮೂರನ್ನೂ ಸೂಜಿಯಿಂದ ಕಚ್ಚಿಸುತ್ತಾ ಹೋಗುವ ಕೆಲಸ. ಮಗಳು ಅದನ್ನು ಹೊದ್ದು ಬೆಳೆದಳು. ಈಗ ಅದು ಸೊಳ್ಳೆಪರದೆಯಂತಾಗಿದೆ, ಆದರೂ ಅವಳ ದಿಂಬಿನ ಕೆಳಗಿದೆ.

ಕಾರ್ಖಾನೆ ಮುಚ್ಚಿತು, ಚಳವಳಿ ಮುಚ್ಚಿತು, ನನ್ನ ಮಂಡಿಗಳೂ ಅರ್ಧ ಬಾಗಿಲು ಹಾಕಿದವು. ಹವ್ಯಾಸವಾಗಿ ಕೌದಿ ಹಿಡಿದೆ. ಇದೇ ಸಮಯ ನೋಡಿ ಮೇಸ್ತ್ರಿ ಗುಜರಿಯಿಂದ ಮೋಟಾರಿನ ಹೊಲಿಗೆ ಯಂತ್ರವೊಂದನ್ನು ತಂದು, ಬಿಚ್ಚಿ, ಎಣ್ಣೆ ಕುಡಿಸಿ, ಮತ್ತೆ ಜೋಡಿಸಿ, ಕಿಟಕಿಯ ಪಕ್ಕ ಪ್ರತಿಷ್ಠಾಪಿಸಿದ. ಅದನ್ನೂ ಹಿತ್ತಿಲ ಬಾಗಿಲಿನಿಂದಲೇ ಒಳಗೆ ತಂದ, ಕಳ್ಳ! ಮುಂಬಾಗಿಲಲ್ಲಿ ನಾನು ಕೂತು ಬೇಳೆ ಆರಿಸುತ್ತಿದ್ದೆ.

ಇಷ್ಟರಲ್ಲಿ, ಪ್ರೆಸ್ಸಿನಲ್ಲಿ ಕೆಲಸ ಮಾಡುವ ಬಸುರಿ ಮಗಳ ಫೋನು.

"ಅಮ್ಮಾ, ನಂಗೆ ಹೊಲಿದ ಹಾಗೇ ನನ್ನ ಮಗೂಗೂ ಒಂದು ಕೌದಿ ಹೊಲಿದುಕೊಡು. ಆಸ್ಪತ್ರೆಯಿಂದ ಬಂದ ಕೂಡ್ಲೇ ಅದರ ಮೇಲೇ ಮಲಗಿಸ್ಬೇಕು. ಅಂಗಡೀದು ನಂಗೆ ಬೇಡ. ನಿನ್ನ ಕೈಯಿಂದೇ ಬೇಕು."

ಕೇಳಿದಿರಲ್ಲ? 'ನಿನ್ನ ಕೈಯಿಂದೇ!' ಈ ಒಂದು ಮಾತಿಗೆ ನನಗೆ ಎರಡು ಕೊಂಬು ಮೂಡಿದವು. ಟ್ರಂಕಿನಿಂದ ಹಳೇ ಬ್ಯಾನರ್ ಎಳೆದು ದೊಡ್ಡ ಮೂರು ಚೌಕ ಕತ್ತರಿಸಿದೆ: 'ನಮಗೆ', 'ಯಂತ್ರ', 'ಬೇಡ'. ಮೂರೂ ಕೌದಿಯ ನಡುವೆ ಸಾಲಾಗಿ ಬರಬೇಕು. ಮೊಮ್ಮಗು ಕಣ್ಣು ಬಿಟ್ಟ ಕೂಡಲೇ ಅಜ್ಜಿ ಯಾರೆಂದು ಓದಿಕೊಳ್ಳಲಿ! ಅದೇ ಟ್ರಂಕಿನಲ್ಲಿ 'ನ್ಯಾಯ ಬೇಕು' ಎಂಬ ಇನ್ನೊಂದು ಕೆಂಪು ಬ್ಯಾನರೂ ಇತ್ತು. ಅದರಲ್ಲಿ 'ನ್ಯಾಯ'ವನ್ನು ಮೇಸ್ತ್ರಿ ಎಂದೋ ಸೈಕಲ್ ಒರೆಸಿ ಮುಗಿಸಿದ್ದ. 'ಬೇಕು' ಒಂದೇ ಉಳಿದಿತ್ತು. ಇರಲಿ ಎಂದು ಮಡಚಿ ವಾಪಸ್ ಇಟ್ಟೆ.

ಸುತ್ತಲಿನ ತುಂಡುಗಳಿಗೆ ಮಗಳ ಹಳೇ ಫ್ರಾಕುಗಳು ಆದವು. ಸಾಲದೆ ಬಂದಾಗ ಗಂಡನ ಅಂಗಿ.

"ಅದು ನನ್ನ ಒಳ್ಳೇ ಅಂಗಿ!"

"ಕಾಲರ್ ಹರಿದಿತ್ತು."

"ಕಾಲರ್ ಮಾತ್ರ ಹರಿದಿತ್ತು!"

"ಕಾಲರ್ ನಿಂಗೇ ಬಿಟ್ಟಿದ್ದೀನಲ್ಲ, ಹಾಕ್ಕೋ."

ಉತ್ಸಾಹದಲ್ಲಿ ಕತ್ತರಿಸುವುದು ಸುಲಭ. ಹೊಲಿಯುವಾಗಲೇ ವಯಸ್ಸು ಗೊತ್ತಾಗುವುದು. ಸೂಜಿಯ ಕಣ್ಣಿಗೂ ನನ್ನ ಕಣ್ಣಿಗೂ ಮಾತು ಬಿಟ್ಟುಹೋಗಿತ್ತು. ದಾರ ಒಂದು ಕಡೆ, ತೂತು ಒಂದು ಕಡೆ, ನಾನು ಬೈಯುತ್ತಿದ್ದದ್ದು ಇನ್ನೊಂದು ಕಡೆ. ಕನ್ನಡಕ ಹುಡುಕಲು ಅರ್ಧ ಬೆಳಗ್ಗೆ, ಅದು ತಲೆಯ ಮೇಲಿದೆ ಎಂದು ಒಪ್ಪಿಕೊಳ್ಳಲು ಇನ್ನರ್ಧ. ಬೆರಳ ತುದಿ ಜರಡಿಯಾಯಿತು. ಮೇಸ್ತ್ರಿ ದಿನಕ್ಕೊಂದು ಸಲ ಬಂದು ಮೇಲ್ವಿಚಾರಕನಂತೆ ಕೈಕಟ್ಟಿ ನಿಲ್ಲುತ್ತಿದ್ದ.

"ಅವಸರ ಏನಿಲ್ಲ ಬಿಡು ಲೀಡರಮ್ಮ. ಮಗು ಕಾಲೇಜಿಗೆ ಹೋಗೋವಾಗ ಹೊದ್ಕೊಂಡು ಹೋದ್ರಾಯ್ತು."

"ಕೈಹೊಲಿಗೆಗೆ ಜೀವ ಇರುತ್ತೆ. ನಿನ್ನ ಯಂತ್ರದ್ದು ಬರೀ ಸದ್ದು."

"ಕೈಹೊಲಿಗೆ ಒಂದೇ ಎಳೆತಕ್ಕೆ ಬಂದುಬಿಡುತ್ತೆ. ನನ್ನ ಯಂತ್ರದ ಹೊಲಿಗೆ ನೋಡು, ಬಟ್ಟೆ ಹೋದ್ರೂ ಅದು ಹೋಗಲ್ಲ."

ಈ ಎರಡು ಮಾತುಗಳನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಇಬ್ಬರ ಜಂಭಕ್ಕೂ ಶಾಸ್ತಿ ಮುಂದಿದೆ.

ನಾವಿಬ್ಬರೂ ಹೀಗೆ ಕಚ್ಚಾಡುತ್ತಿರುವಾಗ ಮೊಮ್ಮಗಳು ಯಾವ ನೋಟಿಸೂ ಕೊಡದೆ, ಡಾಕ್ಟರು ಹೇಳಿದ ದಿನಕ್ಕೂ ಮೊದಲೇ ಹುಟ್ಟಿಬಿಟ್ಟಳು! ಓಡಿಹೋಗಿ ನೋಡಿಬಂದೆವು. ಮುಷ್ಟಿ ಬಿಗಿಹಿಡಿದು, ಮುಖ ಕೆಂಪಗೆ ಮಾಡಿಕೊಂಡು, ಇಡೀ ವಾರ್ಡು ನಡುಗುವಂತೆ ಕೂಗುತ್ತಿದ್ದಳು. "ನಮ್ಮ ವಂಶ!" ಎಂದು ಎದೆಯುಬ್ಬಿಸಿ ಮನೆಗೆ ಬಂದೆ. ಮನೆಯಲ್ಲಿ ಕೌದಿ ಅರ್ಧಕ್ಕೇ ನಿಂತು ನನ್ನನ್ನೇ ನೋಡುತ್ತಿತ್ತು. ಬದಿಗಳಲ್ಲಿ ಮೂರು ಪದರಗಳೂ ಮೂರು ಪಕ್ಷಗಳಂತೆ ಬೇರೆ ಬೇರೆ ಜೋತಾಡುತ್ತಿದ್ದವು.

ಮರುದಿನ ಬೆಳಗ್ಗೆ ಮಗಳ ಫೋನು.

"ಅಮ್ಮಾ, ಇವತ್ತು ಮಧ್ಯಾಹ್ನವೇ ಮನೆಗೆ ಕಳಿಸ್ತಾರಂತೆ. ನಮ್ಮ ಬಿಲ್ಡಿಂಗ್ ಲಿಫ್ಟ್ ಕೆಟ್ಟಿದೆ, ಹೊಲಿಗೆ ಹಾಕಿಸಿಕೊಂಡು ಅಷ್ಟೊಂದು ಮೆಟ್ಟಿಲು ಹತ್ತೋಕೆ ಆಗಲ್ಲ. ನೇರ ಅಲ್ಲಿಗೇ ಬರ್ತೀವಿ. ಕೌದಿ ರೆಡಿ ತಾನೇ?"

"ರೆಡಿ!" ಎಂದೆ.

ಚಳವಳಿ ಮಾಡಿದವರಿಗೆ ಇದು ರೂಢಿ. ಮೆರವಣಿಗೆಗೆ ಎಷ್ಟು ಜನ ಬರ್ತಾರೆ ಎಂದು ಪೊಲೀಸರು ಕೇಳಿದರೆ ಮೊದಲು ಸಾವಿರ ಅನ್ನಬೇಕು. ಜನ ಹುಡುಕಲು ಹೋಗುವುದು ಆಮೇಲೆ.

ಫೋನಿಟ್ಟು ತಿರುಗಿದರೆ ಮೇಸ್ತ್ರಿ ಯಂತ್ರದ ಮೇಲಿನ ಧೂಳನ್ನು ಮೆಲ್ಲಗೆ ಒರೆಸುತ್ತಿದ್ದ. ಒರೆಸಿದ. ಊದಿದ. ಮತ್ತೆ ಒರೆಸಿದ. ಆ ಒರೆಸುವ ಕೈಗೆ ನಾಲ್ಕು ಬಾರಿಸಬೇಕೆನ್ನಿಸಿತು.

"ಸರಿ. ಮಾತುಕತೆಗೆ ಬಾ," ಎಂದೆ ಹಲ್ಲು ಕಚ್ಚಿ.

ಮಾತುಕತೆ ನಡೆಯಿತು. ನಡುವಿನ ಭಾಗ ಪೂರಾ ಕೈಹೊಲಿಗೆ. ಅಂಚಿನ ಪಟ್ಟಿಗಳು ಮಾತ್ರ ಯಂತ್ರಕ್ಕೆ. ಸೀಮೆಸುಣ್ಣದಿಂದ ಸುತ್ತ ಗೆರೆ ಎಳೆದೆ.

"ಈ ಗೆರೆ ದಾಟಿದ್ರೆ ಒಪ್ಪಂದ ರದ್ದು."

"ಒಪ್ಪಿದೆ. ಆದ್ರೆ ಯಂತ್ರದಲ್ಲೂ ಹೊಲಿದಿದೆ ಅಂತ ಮಗಳಿಗೆ ಹೇಳ್ಬೇಕು."

"ಕೇಳಿದ್ರೆ ಹೇಳೋಣ."

"ಕೇಳದಿದ್ರೆ?"

"ಕೇಳದವರಿಗೆ ಉತ್ತರ ಕೊಡಿ ಅಂತ ಯಾವ ಸಂಘದ ನಿಯಮದಲ್ಲೂ ಇಲ್ಲ!"

ಬುದ್ಧಿಯಿರುವವರಾದರೆ ಮೊದಲು ಒಬ್ಬರು ಹೊಲಿದು ಮುಗಿಸಿ, ಆಮೇಲೆ ಇನ್ನೊಬ್ಬರು ಕೈ ಹಾಕುತ್ತಿದ್ದರು. ನಮಗೆ ಹೊತ್ತಿರಲಿಲ್ಲ. ಒಂದೇ ಕೌದಿಗೆ ಇಬ್ಬರೂ ಒಟ್ಟಿಗೇ ಬಿದ್ದೆವು. ಕಿಟಕಿಯ ಪಕ್ಕ, ಯಂತ್ರದ ಮುಂದೆ ದೊಗಲೆ ಪೈಜಾಮದಲ್ಲಿ ಅವನು. ಎದುರು ಕುರ್ಚಿಯಲ್ಲಿ, ಮಡಿಲ ತುಂಬ ಕೌದಿ ಹರಡಿಕೊಂಡು ನೈಟಿಯಲ್ಲಿ ನಾನು. ಅವನ ಕಡೆ 'ಬೇಡ', ನನ್ನ ಕಡೆ 'ನಮಗೆ', ಮಧ್ಯೆ 'ಯಂತ್ರ' ನೇತಾಡುತ್ತಿತ್ತು.

ಯಂತ್ರ ಗರ್ರ್ ಎಂದಿತು. ಕೌದಿ ನನ್ನ ಮಡಿಲಿನಿಂದ ಅತ್ತ ಓಡಿತು. ನಾನು ಇತ್ತ ಎಳೆದೆ.

"ಎಳೀಬೇಡ, ಹೊಲಿಗೆ ಸೊಟ್ಟ ಹೋಗುತ್ತೆ!"

"ನೀನು ಎಳೀಬೇಡ, ನನ್ನ ಸೂಜಿ ಬೆರಳಿಗೆ ಹೋಗ್ತಿದೆ!"

"ನಾನು ಎಳೀತಿಲ್ಲ, ಯಂತ್ರ ಎಳೀತಿದೆ."

"ಅದಕ್ಕೇ ಹೇಳಿದ್ದು ನಮಗೆ ಯಂತ್ರ ಬೇಡ ಅಂತ!"

ಹೀಗೆ ಹಗ್ಗಜಗ್ಗಾಟ ಆಡುತ್ತಲೇ ಕೆಲಸ ಸಾಗಿತು. ಸುಳ್ಳೇಕೆ, ಬಿರುಸಾಗೇ ಸಾಗಿತು. ಅವನು ಒಂದು ಪಟ್ಟಿ ಮುಗಿಸುವುದರೊಳಗೆ ನಾನು ಒಂದು ಸಾಲು ಮುಗಿಸುತ್ತಿದ್ದೆ. ಇನ್ನೇನು ಗೆದ್ದೆವು ಎನ್ನುವಾಗ ಯಂತ್ರದ ಸದ್ದು ಬದಲಾಯಿತು. ತಲೆಯೆತ್ತಿ ನೋಡುತ್ತೇನೆ, ಮೇಸ್ತ್ರಿ ನಾಲಿಗೆಯನ್ನು ತುಟಿಯ ಮೂಲೆಗಿಟ್ಟು ಕೌದಿಯನ್ನು ಗುಂಡಗೆ ತಿರುಗಿಸುತ್ತಿದ್ದಾನೆ!

"ಏನ್ ಮಾಡ್ತಿದ್ದೀಯ?"

"ಅಂಚು ಮುಗೀತು. ಹೂ ಬಿಡಿಸ್ತಿದ್ದೀನಿ."

"ಎಲ್ಲಿ?"

"ಇಲ್ಲೇ, ಸ್ವಲ್ಪ ಒಳಗೆ. ಖಾಲಿ ಇತ್ತು."

"ಖಾಲಿಯೇ? ಅಲ್ಲಿ 'ಬೇಡ' ಇದೆ! 'ಬೇಡ'ದ ಮೇಲೆ ಯಂತ್ರದಲ್ಲಿ ಹೂವೇ? ಗೆರೆ ದಾಟಿದೆಯಲ್ಲೋ, ವಚನಭ್ರಷ್ಟ!"

"ಗೆರೆ ಎಲ್ಲಿದೆ? ಅಳಿಸಿಹೋಗಿದೆ."

"ನೀನೇ ಒರೆಸಿದ್ದೀಯ! ಆಡಳಿತದವರ ಬುದ್ಧಿ ಎಲ್ಲಿ ಹೋಗುತ್ತೆ?"

"ನಾನು ಆಡಳಿತದವನಾ? ನಾನೂ ಸಂಬಳದವನೇ, ನಿಂಗಿಂತ ನಾಲ್ಕು ಕಾಸು ಜಾಸ್ತಿ ಇತ್ತು ಅಷ್ಟೇ!"

"ನೋಡಿದ್ಯಾ, ಬಾಯ್ಬಿಟ್ಟೆ!"

ಇಲ್ಲಿಯೇ ನಾವು ನಮ್ಮ ಜಾತಕಕ್ಕೆ ತಕ್ಕ ತಪ್ಪು ಮಾಡಿದ್ದು. ಜಗಳ ಬಂದರೂ ಕೆಲಸ ನಿಲ್ಲಿಸಬಾರದು ಎನ್ನುವುದು ಅವನ ಕಾರ್ಖಾನೆಯ ಅಭ್ಯಾಸ. ಎದುರಾಳಿಯ ಕಣ್ಣಿನಿಂದ ಕಣ್ಣು ಕೀಳಬಾರದು ಎನ್ನುವುದು ನನ್ನ ಚಳವಳಿಯ ಅಭ್ಯಾಸ. ಇಷ್ಟು ವರ್ಷ ಒಟ್ಟಿಗಿದ್ದು ಒಬ್ಬರದು ಒಬ್ಬರಿಗೆ ಹತ್ತಿಬಿಟ್ಟಿದೆ. ಹಾಗಾಗಿ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತಾ, ಬೈಯುತ್ತಾ, ಕೈ ಮಾತ್ರ ನಿಲ್ಲಿಸದೆ ಹೊಲಿಯುತ್ತಲೇ ಇದ್ದೆವು. ಅವನ ಕಾಲು ಪೆಡಲಿನ ಮೇಲೆ, ನನ್ನ ಸೂಜಿ ರೋಷದ ಮೇಲೆ!

ಆಗ ಬಾಗಿಲ ಕರೆಗಂಟೆ ಸದ್ದು ಮಾಡಿತು. ಜೊತೆಗೆ, ಗಂಟೆಯೇ ನಾಚುವಂಥ ಒಂದು ಕೂಗು. ಮೊಮ್ಮಗಳು!

ಇಬ್ಬರೂ ದಿಗ್ಗನೆ ಎದ್ದೆವು. ಎದ್ದವಳು ಹಾಗೇ ಮುಗ್ಗರಿಸಿದೆ. ಕೌದಿ ನನ್ನ ಜೊತೆಗೇ ಎದ್ದಿತ್ತು. ಕೊಡವಿದೆ, ಬೀಳಲಿಲ್ಲ. ಎಳೆದೆ, ನೈಟಿ ಮಂಡಿಯವರೆಗೆ ಬಂತು. 'ನಮಗೆ' ಚೌಕವನ್ನು ನಾನು ಮೂರು ಪದರದ ಬದಲು ನಾಲ್ಕು ಪದರಕ್ಕೆ ಸೇರಿಸಿ, ಸಾಲುಸಾಲಾಗಿ, ನನ್ನ ನೈಟಿಗೇ ಹೊಲಿದಿದ್ದೆ!

"ನಗಬೇಡ," ಎಂದೆ.

"ನಗ್ತಿಲ್ಲ," ಎಂದ ಮೇಸ್ತ್ರಿ. ಅವನ ದನಿ ಎಂಥದೋ ಆಗಿತ್ತು. ನೋಡಿದರೆ, ಒಂದು ಕಾಲನ್ನು ಯಂತ್ರದ ಮೇಜಿನ ಮಟ್ಟಕ್ಕೆ ಎತ್ತಿಕೊಂಡು ಕೊಕ್ಕರೆಯಂತೆ ನಿಂತಿದ್ದಾನೆ. ದೊಗಲೆ ಪೈಜಾಮದ ಮಂಡಿಯ ಬಟ್ಟೆ ಕೌದಿಯ ಮಡಿಕೆಯ ಜೊತೆ ಸೂಜಿಯ ಕೆಳಗೆ ಹೊಕ್ಕಿತ್ತು. ಅದರ ಮೇಲೆ ಹೂವು, ಎಲೆ, ಬಳ್ಳಿ, ಎಲ್ಲ ಬಿಡಿಸಿದ್ದ!

ಅವನು ಬಟ್ಟೆ ಒತ್ತಿಹಿಡಿಯುವ ಯಂತ್ರದ ಪಾದ ಮೇಲೆತ್ತಿ ದಾರ ಕತ್ತರಿಸಿದ. ಯಂತ್ರ ಅವನನ್ನು ಬಿಟ್ಟಿತು, ಕೌದಿ ಬಿಡಲಿಲ್ಲ. ಹೊರಗೆ ಮತ್ತೆ ಗಂಟೆ. ಮತ್ತೆ ಕೂಗು.

"ಪೈಜಾಮ ಬಿಚ್ಚು!" ಎಂದೆ.

"ಅಳಿಯ ಬಂದಿದ್ದಾನೆ. ನೀನು ನೈಟಿ ಬಿಚ್ಚು!"

"ಬಾಯಿ ಮುಚ್ಚಿಕೊಂಡು ನಡಿ!"

ನಡೆದೆವು. ಮುಂದೆ ನಾನು ಅಡ್ಡಡ್ಡ, ಹಿಂದೆ ಅವನು ಕುಂಟುತ್ತಾ, ನಡುವೆ ಇಬ್ಬರೂ ಹಿಡಿದ ಬ್ಯಾನರಿನಂತೆ 'ನಮಗೆ ಯಂತ್ರ ಬೇಡ'. ಜೀವನದಲ್ಲಿ ಎಷ್ಟೋ ಮೆರವಣಿಗೆ ನಡೆಸಿದ್ದೇನೆ, ಇಷ್ಟು ಒಗ್ಗಟ್ಟಿನದು ಇದೇ ಮೊದಲು!

ಬಾಗಿಲು ತೆಗೆದೆ. ಕೂಸನ್ನು ಎದೆಗವಚಿಕೊಂಡು ಬಾಡಿಹೋಗಿದ್ದ ಮಗಳು ನನ್ನನ್ನು ನೋಡಿದಳು, ಕೌದಿಯನ್ನು ನೋಡಿದಳು, ಕೌದಿಯ ಜಾಡು ಹಿಡಿದು ಅಪ್ಪನ ಮಂಡಿಯವರೆಗೆ ನೋಡಿದಳು.

"ಅಮ್ಮಾ, ರೆಡಿ ಅಂದ್ಯಲ್ಲ?"

"ರೆಡಿನೇ. ಸ್ವಲ್ಪ ಬಿಡಿಸ್ಕೋಬೇಕು ಅಷ್ಟೇ."

ಅಳಿಯ ಮದುವೆ ಮನೆಗಳ ಫೋಟೋ ತೆಗೆಯುವವನು. ಮನೆಗೆ ಬೆಂಕಿ ಬಿದ್ದರೂ ಮೊದಲು ಬೆಳಕು ಎಲ್ಲಿಂದ ಬರುತ್ತಿದೆ ಎಂದು ನೋಡುವ ಜಾತಿ. ಆಗಲೇ ಕ್ಯಾಮೆರಾ ಕಣ್ಣಿಗೇರಿಸಿದ್ದ.

"ಅತ್ತೆ, ಸ್ವಲ್ಪ ಈ ಕಡೆ. ಮಾವ, ಆ ಕಾಲು ಹಾಗೇ ಇರಲಿ!"

"ಇದನ್ನು ಹಿಡ್ಕೊಳ್ರೀ," ಎಂದು ಮಗಳು ಕೂಸನ್ನು ಅವನ ಕೈಗೆ ದಾಟಿಸಿ, ನನ್ನ ಮುಂದೆ ಕೂತು, ನೈಟಿಯ ಮೇಲಿನ ದಾರದ ತುದಿ ಹಿಡಿದು ಎಳೆದಳು. ಸರ್ರ್ ಎಂದಿತು. ಸಾಲಿಗೆ ಸಾಲೇ ಕಿತ್ತು ಬಂತು! ಸಿಟ್ಟಿನ ಭರದಲ್ಲಿ ಒಂದಕ್ಕೂ ಗಂಟು ಹಾಕಿರಲಿಲ್ಲ ನಾನು.

"ಒಂದೇ ಎಳೆತ," ಎಂದ ಮೇಸ್ತ್ರಿ, ಕೊಕ್ಕರೆಯ ಭಂಗಿಯಲ್ಲೇ.

"ಕೈಹೊಲಿಗೆ ಹೇಳಿದ ಮಾತು ಕೇಳುತ್ತೆ, ಅದು ಅದರ ದೊಡ್ಡತನ," ಎಂದೆ. "ಈಗ ನಿಂದು ಬರಲಿ ನೋಡೋಣ."

ಅವನದು ಬರಲಿಲ್ಲ. ಮಗಳು ಉಗುರು ಹಾಕಿದಳು, ಹೊಲಿಗೆ ಬಿಚ್ಚುವ ಕೊಕ್ಕೆ ಹಾಕಿದಳು, ಹಲ್ಲು ಹಾಕುವುದೊಂದು ಬಾಕಿ. ಬಟ್ಟೆ ಹೋದರೂ ಹೋಗದ ಹೊಲಿಗೆ! ಅತ್ತ ಕೂಸು ಅಳಿಯನ ಕೈಯಲ್ಲಿ ನೀಲಿಗಟ್ಟುವಂತೆ ಅರಚುತ್ತಿತ್ತು. ಮಗಳ ಕಣ್ಣಲ್ಲೂ ನೀರು ಬಂತು.

"ಆಸ್ಪತ್ರೆಯಿಂದ ದಾರಿಯುದ್ದಕ್ಕೂ ಹೀಗೇ ಅಳ್ತಿದೆ ಅಮ್ಮಾ. ಎತ್ತಿಕೊಂಡ್ರೂ ನಿಲ್ಸಲ್ಲ, ಹಾಲು ಕೊಟ್ರೂ ನಿಲ್ಸಲ್ಲ. ನಿನ್ನ ಕೌದಿ ಮೇಲೆ ಮಲಗಿಸಿದ್ರೆ ಸುಮ್ನಾಗುತ್ತೆ, ನಾನು ಸುಮ್ನಾಗ್ತಿದ್ನಲ್ಲ ಹಾಗೆ, ಅಂದ್ಕೊಂಡು ಬಂದೆ. ಇಲ್ಲಿ ನೋಡಿದ್ರೆ ಅದನ್ನು ನೀವಿಬ್ರೂ ಉಟ್ಕೊಂಡು ನಿಂತಿದ್ದೀರ!"

ನನಗೆ ಆ ಕ್ಷಣ ನೆಲ ಬಾಯಿಬಿಡಬಾರದೇ ಅನ್ನಿಸಿತು. ಬಿಟ್ಟಿದ್ದರೂ ಏನು, ನಾನು ಹಿಡಿದಿದ್ದ ಕೌದಿ ಮೇಸ್ತ್ರಿಯ ಪೈಜಾಮಕ್ಕೆ ಸಿಕ್ಕಿಹಾಕಿಕೊಂಡು ಮಧ್ಯೆ ತೂಗಾಡುತ್ತಿದ್ದೆ!

ಮಗಳು ಕಣ್ಣೊರೆಸಿಕೊಂಡು ಕತ್ತರಿ ಎತ್ತಿದಳು. "ಅಪ್ಪಾ, ಅಲ್ಲಾಡಬೇಡ." ಕಚಕ್, ಕಚಕ್, ಕಚಕ್. 'ಬೇಡ' ಎಂಬ ಚೌಕ ಪೂರ್ತಿಯಾಗಿ ಕೌದಿಯಿಂದ ಹೊರಬಂದು ಅಪ್ಪನ ಮಂಡಿಯ ಮೇಲೆ ಉಳಿಯಿತು. ಕೌದಿಯಲ್ಲಿ ಒಂದು ದೊಡ್ಡ ಕಿಟಕಿ ತೆರೆದುಕೊಂಡಿತು. ಆ ಕಿಟಕಿಯಿಂದ ನನ್ನ ಇಡೀ ಹೋರಾಟದ ಬದುಕು ಹೊರಗೆ ಹಾರಿಹೋದದ್ದನ್ನು ಕಣ್ಣಾರೆ ಕಂಡೆ.

ಮಿಕ್ಕ ಕೌದಿಯನ್ನು ಮಂಚದ ಮೇಲೆ ಹಾಸಿ ಕೂಸನ್ನು ಮಲಗಿಸಿದೆವು. ಸುಮ್ಮನಾಯಿತೇ? ಎಲ್ಲಿಂದ! ಇನ್ನೊಂದು ಸ್ವರ ಏರಿಸಿತು. ನಾನು ತಟ್ಟಿದೆ. ಹಾಡಿದೆ. ನನಗೆ ಬರುವ ಹಾಡುಗಳೆಲ್ಲ ಮೆರವಣಿಗೆಯವು, ಕೂಸು ಇನ್ನಷ್ಟು ಹುರುಪುಗೊಂಡಿತು. ನನ್ನ ಕೈಹೊಲಿಗೆ, ನನ್ನ ಜೀವವಿರುವ ಕೈಹೊಲಿಗೆ, ಅದರ ಮೇಲೆ ನನ್ನ ಮೊಮ್ಮಗಳು ಕೆಂಡದ ಮೇಲಿಟ್ಟ ಹಾಗೆ ಕಿರುಚುತ್ತಿದ್ದಾಳೆ. ಮಗಳು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ನಾನು ಸೋತೆ. ನಿಜವಾಗಿ ಸೋತೆ.

ಅಷ್ಟರಲ್ಲಿ ನಡುಮನೆಯಿಂದ ಗರ್ರ್ ಎಂಬ ಸದ್ದು. ಮೇಸ್ತ್ರಿ ತನ್ನ ಯಂತ್ರಕ್ಕೆ ಏನಾದರೂ ಆಯಿತೇ ಎಂದು ನೋಡಲು ಪೆಡಲ್ ಒತ್ತಿದ್ದ. ಮನೆಯಲ್ಲಿ ಕೂಸಿದೆ, ಇವನಿಗೆ ಯಂತ್ರದ ಚಿಂತೆ! ಬೈಯಲು ಬಾಯಿ ತೆರೆದೆ.

ಕೂಸು ಬಾಯಿ ಮುಚ್ಚಿತು.

ಯಂತ್ರ ನಿಂತಿತು. ಕೂಸು ಶುರು. ಮತ್ತೆ ಗರ್ರ್. ಕೂಸು ಗಪ್‌ಚಿಪ್!

ಮಗಳು ಕಣ್ಣು ಬಿಟ್ಟಳು. "ಅಯ್ಯೋ ಅಮ್ಮಾ! ಕೊನೇವರೆಗೂ ಪ್ರೆಸ್ಸಿಗೆ ಹೋಗ್ತಿದ್ನಲ್ಲ. ದಿನವಿಡೀ ಮುದ್ರಣ ಯಂತ್ರದ ಪಕ್ಕವೇ ಕೂತಿರ್ತಿದ್ದೆ. ಹೊಟ್ಟೆಯೊಳಗಿಂದ ಇದೇ ಸದ್ದು ಕೇಳ್ಕೊಂಡು ಬೆಳೆದಿದೆ ಅದು!"

ಮೇಸ್ತ್ರಿ ಅಲ್ಲಿಂದಲೇ ಕೂಗಿದ. "ಲೀಡರಮ್ಮ, ಯಂತ್ರ ನಿಲ್ಲಿಸ್ಲಾ?"

"ನಿಲ್ಲಿಸಬೇಡ!" ಎಂದೆ.

"ಏನು? ಕೇಳಿಸ್ಲಿಲ್ಲ."

"ಯಂತ್ರ ನಿಲ್ಲಿಸಬೇಡವೋ ಮಾರಾಯ! ನಡೆಸು! ನಡೀಲಿ ಯಂತ್ರ!" ಎಂದು ಮುಷ್ಟಿಯೆತ್ತಿ ಕೂಗಿದೆ. ಹಳೇ ಅಭ್ಯಾಸ, ಮುಷ್ಟಿ ತಾನಾಗಿಯೇ ಮೇಲೆ ಹೋಯಿತು. ಪಕ್ಕದಲ್ಲಿ ಏನೋ ಕೆಂಪಗೆ ಮಿನುಗಿತು. ಅಳಿಯನ ಕ್ಯಾಮೆರಾ. ಫೋಟೋ ಅಲ್ಲ, ವಿಡಿಯೋ.

ಈಗ ನಮ್ಮ ಮನೆಯ ಸ್ಥಿತಿ ಹೀಗಿದೆ. ಯಂತ್ರವನ್ನು ಮಂಚದ ಪಕ್ಕಕ್ಕೆ ಸರಿಸಿ, ಅದರ ಸೂಜಿ, ದಾರ ಎರಡನ್ನೂ ತೆಗೆದಿಟ್ಟಿದ್ದೇವೆ. ಅದು ಏನನ್ನೂ ಹೊಲಿಯುವುದಿಲ್ಲ, ಬರೀ ಸದ್ದು. ಕೂಸು ಮಲಗುವ ಹೊತ್ತಿಗೆ ಒಬ್ಬರು ಪೆಡಲಿನ ಮೇಲೆ ಕಾಲಿಟ್ಟಿರಬೇಕು. ಬೆಳಗಿನ ಪಾಳಿ ಮೇಸ್ತ್ರಿಯದು, ಮಧ್ಯಾಹ್ನದ ಪಾಳಿ ನನ್ನದು. ಕಾಲು ಒಂದು ಚೂರು ಸಡಿಲವಾದರೆ ಸಾಕು, ಮಂಚದ ಮೇಲಿಂದ ಘೋಷಣೆ ಮೊಳಗುತ್ತದೆ! ಮಗಳು, "ಅರ್ಧ ಯಂತ್ರದಲ್ಲಿ ಹೊಲಿದಿದ್ದೀರಲ್ಲ, ನಂಗೆ ಆಗಲೇ ಗೊತ್ತಾಯ್ತು ಬಿಡು," ಎಂದು ಹೇಳಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ಮೇಸ್ತ್ರಿ ಆ ಪೈಜಾಮ ಬಿಚ್ಚಲು ಒಪ್ಪುತ್ತಿಲ್ಲ. ನಿನ್ನೆ ಕೋಪದಲ್ಲಿ, ಊಟ ಬೇಕಾ ಬೇಡವಾ ಎಂದು ಕೇಳಿದೆ. ಬಾಯಿ ಬಿಡದೆ ಮಂಡಿ ತೋರಿಸಿದ.

ಮಧ್ಯಾಹ್ನದ ಪಾಳಿಯಲ್ಲಿ ನನ್ನ ಕಾಲಿಗೆ ಮಾತ್ರ ಕೆಲಸ. ಕೈ ಖಾಲಿ. ಖಾಲಿ ಕೈ ನನಗೆ ಆಗಿಬರುವುದಿಲ್ಲ. ಹಾಗಾಗಿ ಕೂಸು ಮಲಗಿದ ಕೌದಿಯ ಒಂದು ಬದಿಯನ್ನು ಮೆಲ್ಲಗೆ ಮಡಿಲಿಗೆಳೆದುಕೊಂಡು, ಆ ದೊಡ್ಡ ಕಿಟಕಿಗೆ ತೇಪೆ ಹಾಕಲು ಕೂತಿದ್ದೇನೆ. ಕೆಂಪು ಬಟ್ಟೆಯೇ ಆಗಬೇಕು, ಅಳತೆಯೂ ಹೊಂದಬೇಕು. ಟ್ರಂಕನ್ನು ತಳ ಮೇಲು ಮಾಡಿ ಹುಡುಕಿದೆ. ಅಂಥದ್ದು ಉಳಿದಿರುವುದು ಒಂದೇ ತುಂಡು.

'ನಮಗೆ ಯಂತ್ರ' ಎಂಬುದರ ಪಕ್ಕದಲ್ಲಿ 'ಬೇಕು' ಎಂದು ಹೊಲಿಯುತ್ತಿದ್ದೇನೆ. ಆದರೆ ಕೈಯಲ್ಲಿ, ನೆನಪಿರಲಿ! ಗಂಟು ಹಾಕಿ!